ಎಷ್ಟು ಬಾಡಿಗೆ, ಎಷ್ಟ್ ಬಾಡಿಗೆ

ಹಲಸೂರಿನ ಬಜಾರ್ ರಸ್ತೆಯ ಹಿಂದಿನ ಬೀದಿಯೊಂದರಲ್ಲಿ ಇರುವ ನಿವೃತ್ತ ಅಂಚೆ ನೌಕರರೊಬ್ಬರು 2006ರಿಂದ 2011ರವರೆಗೆ ಕನ್ನಡದಲ್ಲಿ ಒಂದು ಬ್ಲಾಗ್ ಬರೆದರು. ಇನ್ನೂರಕ್ಕೂ ಹೆಚ್ಚು ಬರಹಗಳು ಅದರಲ್ಲಿವೆ. ಹೆಸರು ಹಾಕಬೇಡಿ ಎಂದಿದ್ದಾರೆ, ಆದ್ದರಿಂದ ಇಲ್ಲಿ ಅವರು ಬರೀ 'ಸಾರ್'. ಎಲ್ಲವೂ ಒಳ್ಳೆಯ ಬರಹಗಳಲ್ಲ. ಕೆರೆಯ ಬಗ್ಗೆ, ಸೋಮೇಶ್ವರ ದೇವಸ್ಥಾನದ ತೇರಿನ ಬಗ್ಗೆ ಬರೆದವು ಯಾರು ಬೇಕಾದರೂ ಬರೆಯಬಹುದಾದ ಹಳೆಯ ನೆನಪುಗಳು. ಆದರೆ ಮೆಟ್ರೊ ಕಾಮಗಾರಿಯ ವರ್ಷಗಳಲ್ಲಿ ಬರೆದ ಹತ್ತು ಹನ್ನೆರಡು ಕತೆಗಳಿವೆ. ಅವುಗಳಲ್ಲಿ ಬೀದಿಯ ಮಾತು ಇದ್ದ ಹಾಗೇ ಕೇಳುತ್ತದೆ. ಈ ಲೇಖನ ಆ ಕತೆಗಳಲ್ಲಿ ಒಂದರ ಕುರಿತು. ಇನ್ನೂ ಸರಿಯಾಗಿ ಹೇಳಬೇಕೆಂದರೆ, ಆ ಕತೆಗೆ ನಾನು ಮಾಡಿದ ಹಾನಿಯ ಕುರಿತು.

ಕಳೆದ ವರ್ಷ ಸಾರ್‌ಗೆ ಹೋಸ್ಟಿಂಗ್ ಕಂಪನಿಯಿಂದ ಒಂದು ಪತ್ರ ಬಂತು. ಬ್ಲಾಗಿನ ತಂತ್ರಾಂಶ ತುಂಬಾ ಹಳೆಯದು, ಇಂಥ ತಾರೀಕಿನೊಳಗೆ ನವೀಕರಿಸಿ, ಇಲ್ಲವಾದರೆ ಪುಟ ತೆರೆಯುವುದಿಲ್ಲ ಎಂದು. ಮೊದಲು ಅದನ್ನು ಹಾಕಿಕೊಟ್ಟ ಹುಡುಗ ಈಗ ಎಲ್ಲಿದ್ದಾನೋ ಗೊತ್ತಿಲ್ಲ. ಸಾರ್ ನನಗೆ ಫೋನ್ ಮಾಡಿದರು. "ನೀವು ಕಂಪ್ಯೂಟರಲ್ಲೇ ಬರೆಯೋರಲ್ವಾ, ಸ್ವಲ್ಪ ನೋಡಿ ಕೊಡಿ." ಕಂಪ್ಯೂಟರಿನಲ್ಲಿ ಬರೆಯುವುದಕ್ಕೂ ಕಂಪ್ಯೂಟರ್ ಬಲ್ಲುದಕ್ಕೂ ಇರುವ ದೂರ ನನಗೂ ಆಗ ಸರಿಯಾಗಿ ತಿಳಿದಿರಲಿಲ್ಲ.

ನವೀಕರಿಸಿ ಎಂಬ ಗುಂಡಿ ಒತ್ತಿದೆ. ಪುಟ ಬಿಳಿಯಾಯಿತು. ಎರಡು ರಾತ್ರಿ ಕೂತು ಬಿಳಿ ಪುಟವನ್ನು ಮತ್ತೆ ತೆರೆಸಿದಾಗ ಕನ್ನಡದ ಜಾಗದಲ್ಲಿ ಗೀರು ಹೊತ್ತ ಲ್ಯಾಟಿನ್ ಅಕ್ಷರಗಳು, ಪುಟ್ಟ ಅಂಕಿಗಳು, ಚುಕ್ಕೆಗಳು. 'ಹಣ' ಎಂಬ ಪದದ ಕೊನೆಯಲ್ಲಿ ಪೌಂಡ್ ಚಿಹ್ನೆ ಇತ್ತು. ಮೊದಲು ತಮಾಷೆ ಅನ್ನಿಸಿತು, ಆಮೇಲೆ ನೋಡಿದರೆ ಎಲ್ಲಾ ಣಕಾರಗಳೂ ಪೌಂಡ್, ಎಲ್ಲಾ ಥಕಾರಗಳೂ ಜಪಾನಿನ ಯೆನ್. ನೆಟ್ಟಿನಲ್ಲಿ ಹುಡುಕಿದೆ. ಇದೇ ಕಷ್ಟ ಹೇಳಿಕೊಂಡವರು ಹತ್ತಾರು ಮಂದಿ. ಅವರಲ್ಲಿ ಅನೇಕರು ಕೊನೆಗೆ 'ಸರಿಹೋಯಿತು, ಧನ್ಯವಾದ' ಎಂದು ಬರೆದು ಹೋಗಿದ್ದರು, ಹೇಗೆ ಸರಿಹೋಯಿತು ಎಂದು ಬರೆದಿರಲಿಲ್ಲ. ಒಬ್ಬರು ಮಾತ್ರ ಉಪಾಯ ಹೇಳಿದ್ದರು: ಇಡೀ ದತ್ತಾಂಶವನ್ನು ಒಂದು ಫೈಲಾಗಿ ಇಳಿಸಿಕೊಳ್ಳಿ, ಎಡಿಟರಿನಲ್ಲಿ ತೆರೆದು ಪಶ್ಚಿಮ ಯುರೋಪಿನ ಸಂಕೇತದಲ್ಲಿ ಉಳಿಸಿ, ಮತ್ತೆ ಯುನಿಕೋಡ್ ಎಂದು ತೆರೆಯಿರಿ. ಹಾಗೇ ಮಾಡಿದೆ. ಕನ್ನಡ ಬಂತು! ನಡುನಡುವೆ ಇಸ್ಪೀಟಿನ ಡೈಮಂಡ್ ಆಕಾರದ ಕಪ್ಪು ಗುರುತುಗಳು ಕಂಡವು. ಫಾಂಟಿನ ತೊಂದರೆ ಇರಬೇಕು ಎಂದುಕೊಂಡು ಹಳೆಯ ದತ್ತಾಂಶವನ್ನು ಅಳಿಸಿಬಿಟ್ಟೆ.

'ಫಾಂಟಿನ ತೊಂದರೆ' ಎಂಬ ಈ ಮಾತು ನನ್ನ ತಲೆಮಾರಿನ ಕನ್ನಡಿಗರ ಅಭ್ಯಾಸ. 1998ರಲ್ಲಿ ಬರಹ ಬಂತು, ಆಮೇಲೆ ನುಡಿ ಬಂತು. ಆ ಕಾಲದಲ್ಲಿ ಒಂದು ಕಡೆ ಬೆರಳಚ್ಚಾದ ಕನ್ನಡ ಇನ್ನೊಂದು ಕಡೆ ತೆರೆಯದಿದ್ದರೆ ಕಾರಣ ನಿಜವಾಗಿಯೂ ಫಾಂಟೇ ಆಗಿರುತ್ತಿತ್ತು. ಫಾಂಟ್ ಹಾಕಿದರೆ ಅಕ್ಷರ ಮರಳಿ ಬರುತ್ತಿತ್ತು. ಅಕ್ಷರ ಎಲ್ಲಿಗೂ ಹೋಗಿರುವುದಿಲ್ಲ, ಕಾಣುತ್ತಿಲ್ಲ ಅಷ್ಟೇ ಎಂಬ ನಂಬಿಕೆ ಆಗ ಬೇರೂರಿತು. ಯುನಿಕೋಡಿನ ಕಾಲದಲ್ಲಿ ಅದು ಅಪಾಯಕಾರಿ ನಂಬಿಕೆ. ಆ ಕಪ್ಪು ಗುರುತಿನ ಅರ್ಥ 'ಇಲ್ಲಿ ಏನೋ ಇತ್ತು, ಈಗ ಇಲ್ಲ' ಎಂದು.

ಏನಿತ್ತು? ಇದನ್ನು ಕಂಡುಹಿಡಿಯಲು ನನಗೆ ಮೂರು ವಾರ ಹಿಡಿಯಿತು. ಲೆಕ್ಕ ಸ್ವಲ್ಪ ಒಣ, ಆದರೆ ಮುಂದಿನ ಮಾತೆಲ್ಲ ಅದರ ಮೇಲೇ ನಿಂತಿದೆ. ಯುಟಿಎಫ್-8 ಎಂಬ ಕ್ರಮದಲ್ಲಿ ಪ್ರತಿ ಕನ್ನಡ ಅಕ್ಷರವೂ ಮೂರು ಅಂಕಿಗಳಾಗಿ ಕೂರುತ್ತದೆ. ಕಕಾರ ಎಂದರೆ 224, 178, 149. ಹಿಂದಿನ ಬ್ಲಾಗುಗಳು ಸಾಮಾನ್ಯವಾಗಿ ಬಳಸುತ್ತಿದ್ದ ಮೈಸೀಕ್ವೆಲ್ ಎಂಬ ದತ್ತಾಂಶ ವ್ಯವಸ್ಥೆ ಸ್ವೀಡನ್ನಿನಲ್ಲಿ ಹುಟ್ಟಿದ್ದು. ಬೇರೆ ಹೇಳದೆ ಇದ್ದರೆ ಅದು ಎಲ್ಲ ಅಕ್ಷರವನ್ನೂ ಪಶ್ಚಿಮ ಯುರೋಪಿನದೆಂದೇ ಎಣಿಸಿ ಸ್ವೀಡಿಶ್ ಅಕಾರಾದಿಯಲ್ಲಿ ಜೋಡಿಸುತ್ತಿತ್ತು. ಈ ಪದ್ಧತಿ ಬದಲಾದದ್ದು 2018ರಲ್ಲಿ, ಅದರ 8.0 ಆವೃತ್ತಿಯಲ್ಲಿ. ಹಲಸೂರಿನ ಬೀದಿಮಾತು ಅಷ್ಟೂ ವರ್ಷ ಸ್ವೀಡಿಶ್ ವೇಷದಲ್ಲಿ ಕೂತಿತ್ತು. ಕೂತಿದ್ದರಿಂದ ತೊಂದರೆಯೇನೂ ಆಗಿರಲಿಲ್ಲ. ವೇಷ ಕಳಚಲು ನಾನು ಹೋದಾಗಲೇ ಪೆಟ್ಟು ಬಿದ್ದದ್ದು. ಪಶ್ಚಿಮ ಯುರೋಪಿನ ಆ ವಿಂಡೋಸ್ ಪಟ್ಟಿಯಲ್ಲಿ 256 ಮನೆಗಳಿವೆ, ಅವುಗಳಲ್ಲಿ ಐದು ಖಾಲಿ: 129, 141, 143, 144, 157. ಈ ಖಾಲಿ ಮನೆಗಳನ್ನು ಕೆಲವು ಎಡಿಟರುಗಳು ಹಾಗೇ ದಾಟಿಸುತ್ತವೆ, ಕೆಲವು ಎಸೆಯುತ್ತವೆ. ನನ್ನದು ಎಸೆಯಿತು.

ಕನ್ನಡದಲ್ಲಿ ಆ ಐದು ಮನೆಗಳಲ್ಲಿ ಯಾರಿದ್ದಾರೆ ನೋಡಿ. ಏ, ಐ, ಝ ಮೂವರು. ಇವರ ನಷ್ಟವನ್ನು ಹೇಗೋ ಸರಿಪಡಿಸಬಹುದು. ಇನ್ನಿಬ್ಬರು ಕೊಂಬು ಮತ್ತು ಹಲಂತ. ಕೊಂಬು 224, 179, 129. ಹಲಂತ 224, 179, 141. ಕೊನೆಯ ಅಂಕಿ ಬಿದ್ದುಹೋದರೆ ಎರಡರಲ್ಲೂ ಉಳಿಯುವುದು ಒಂದೇ: 224, 179. 'ಕನ್ನಡ' ಎಂಬುದು 'ಕನ◆ನಡ' ಆಯಿತು. 'ಅಲ್ಸೂರು' ಎಂಬುದು 'ಅಲ◆ಸೂರ◆' ಆಯಿತು. ಯಾವ ◆ ಕೊಂಬು, ಯಾವುದು ಹಲಂತ ಎಂದು ಯಂತ್ರಕ್ಕೆ ಇನ್ನು ಎಂದಿಗೂ ಗೊತ್ತಾಗುವುದಿಲ್ಲ.

ಓದುವವರಿಗೆ ಗೊತ್ತಾಗುತ್ತದಲ್ಲ ಎನ್ನಬಹುದು. ಗದ್ಯ ಗ್ರಂಥಸ್ಥ ಕನ್ನಡದಲ್ಲಿದ್ದರೆ ಹೌದು. ತಂತ್ರಾಂಶ ಬಲ್ಲ ಪರಿಚಯದ ಹುಡುಗಿಯೊಬ್ಬಳು ನಿಘಂಟು ಇಟ್ಟುಕೊಂಡು ತಿದ್ದುವ ಒಂದು ಪುಟ್ಟ ಪ್ರೋಗ್ರಾಂ ಬರೆದುಕೊಟ್ಟಳು. ಪದದ ನಡುವೆ ನಿಘಂಟು ಹೇಳಿದ್ದು, ಪದದ ಕೊನೆಯಲ್ಲಿ ಕೊಂಬು. ಒಂದು ಸಂಜೆಯಲ್ಲಿ ಇನ್ನೂರು ಬರಹಗಳೂ ಓದುವಂತಾದವು. ಸಾರ್‌ಗೆ ಖುಷಿಯಾಯಿತು. ನನಗೂ ಆಯಿತು, 'ಅಳತೆ' ಎಂಬ ಕತೆಗೆ ಬರುವ ತನಕ.

'ಅಳತೆ' 2008ರದು. ಮೆಟ್ರೊ ಬರುತ್ತದೆ ಎಂದು ಸಿ.ಎಂ.ಎಚ್. ರಸ್ತೆಯ ವ್ಯಾಪಾರಿಗಳು ವಿರೋಧಿಸುತ್ತಿದ್ದ ಕಾಲ. ಬೈಯಪ್ಪನಹಳ್ಳಿಯಿಂದ ಎಂ.ಜಿ. ರಸ್ತೆಗೆ ಮೊದಲ ರೈಲು ಓಡಿದ್ದು 2011ರ ಅಕ್ಟೋಬರ್ 20ರಂದು; ಅದಕ್ಕೆ ಮೊದಲಿನ ಅಷ್ಟೂ ವರ್ಷ ಆ ರಸ್ತೆಯಲ್ಲಿ ಟೇಪು ಹಿಡಿದವರದೇ ಓಡಾಟ. ಕತೆಯ ಅಂಗಡಿಯವನ ಮನೆಮಾತು ತಮಿಳು. ಕನ್ನಡವನ್ನು ಸರ್ಕಾರಿ ಶಾಲೆಯಲ್ಲಿ ಕಲಿತವನು. ಆದ್ದರಿಂದ ಅವನ ಬಾಯಲ್ಲಿ ಪದಗಳು ಪೂರ್ತಿಯಾಗಿ ಬರುತ್ತವೆ, ಪಠ್ಯಪುಸ್ತಕದ ಹಾಗೆ. ಅಳೆಯಲು ಬಂದವನು ಮಂಡ್ಯ ಕಡೆಯವನು, ಹುಟ್ಟಾ ಕನ್ನಡಿಗ. ಅವನು ಪದದ ತುದಿಯನ್ನು ಕಚ್ಚಿ ನುಂಗುತ್ತಾನೆ. ಅಂಗಡಿಯವನು "ಎಷ್ಟು ಅಡಿ ಸಾರ್?" ಎಂದು ಕೇಳುತ್ತಾನೆ. ಇವನು "ಎಷ್ಟ್ ಅಡಿ ಅಂತ ನನ್ನೇನ್ ಕೇಳ್ತೀಯಾ" ಎನ್ನುತ್ತಾನೆ. ಕತೆಯಲ್ಲಿ ಎಲ್ಲೂ ಇವನು ತಮಿಳ, ಅವನು ಕನ್ನಡಿಗ ಎಂಬ ಮಾತಿಲ್ಲ. ಯಾರು ಈ ನೆಲದ ಭಾಷೆಯನ್ನು ಮರ್ಯಾದೆಯಿಂದ ಆಡುತ್ತಾರೆ, ಯಾರು ಅದನ್ನು ಅಧಿಕಾರದಿಂದ ಮುರಿಯುತ್ತಾರೆ ಎಂಬುದೆಲ್ಲ ಒಂದು ಕೊಂಬು ಮತ್ತು ಒಂದು ಹಲಂತದಲ್ಲಿದೆ. ಪ್ರೋಗ್ರಾಂ ತಿದ್ದಿದ ಕತೆಯಲ್ಲಿ ಇಬ್ಬರೂ "ಎಷ್ಟು ಅಡಿ" ಎನ್ನುತ್ತಾರೆ. ಮಂಡ್ಯದವನು ರೇಡಿಯೊ ವಾರ್ತೆ ಓದುವವನಂತೆ ಮಾತಾಡುತ್ತಾನೆ. ಒಂದು ಪದವೂ ತಪ್ಪಿಲ್ಲ, ಕತೆ ಮಾತ್ರ ಇಲ್ಲ.

ಇಲ್ಲಿಯೇ ನನಗೆ ಮುಖ್ಯ ಅನ್ನಿಸಿದ ಮಾತಿದೆ. ಈ ಹಾನಿ ಸಮನಾಗಿ ಬೀಳುವುದಿಲ್ಲ. ಪ್ರಬಂಧ, ಭಾಷಣ, ಶ್ರದ್ಧಾಂಜಲಿ ಎಲ್ಲವೂ ನಿಘಂಟಿನ ಸಹಾಯದಿಂದ ಮರಳಿ ಬರುತ್ತವೆ. ಮರಳದೆ ಹೋಗುವುದು ಆಡುಮಾತು. 'ಮಾಡ◆ತಾನೆ' ಎಂಬುದು ನಮ್ಮ ಕಡೆಯ 'ಮಾಡ್ತಾನೆ'ಯೋ, ಹಾಡಿನಲ್ಲಿ ಬರುವ 'ಮಾಡುತಾನೆ'ಯೋ? 'ಬಂದ◆' ಎಂಬುದು ಬಂದುವೋ, ಬಂದ್ ಎಂದು ಮೊಟಕಾದದ್ದೋ? ಟಿ.ಪಿ. ಕೈಲಾಸಂ ನಾಟಕಗಳಲ್ಲಿ ಹಲಂತ ಇದ್ದಲ್ಲೆಲ್ಲ ಕೊಂಬು ಹಾಕಿ ಓದಿ ನೋಡಿ, ನಾಲ್ಕನೇ ಸಾಲಿಗೆ ನಗು ನಿಂತುಹೋಗುತ್ತದೆ. ತಜ್ಞರೊಬ್ಬರು ಜೊತೆಗಿದ್ದಿದ್ದರೆ ದತ್ತಾಂಶ ಅಳಿಸಬೇಡಿ ಎಂದು ಹೇಳುತ್ತಿದ್ದರು, ಅದು ನಿಜ. ಆದರೆ ಅಳಿಸಿದ ಮೇಲೆ ಅವರು ಮಾಡಬಹುದಾದದ್ದು ಆ ಹುಡುಗಿ ಮಾಡಿದ್ದನ್ನೇ. ಅಲ್ಲಿಂದ ಮುಂದಿನದು ಓದುಗರ ಕೆಲಸ. ನಮ್ಮ ವಿಮರ್ಶೆ ಬ್ಲಾಗ್ ಬರಹವನ್ನು ಹಗುರ ಬರಹ ಎಂದು ಪಕ್ಕಕ್ಕಿಟ್ಟ ಕಾರಣ, ಆ ಕೆಲಸಕ್ಕೆ ಬೇಕಾದ ತಯಾರಿ ನಮ್ಮಲ್ಲಿಲ್ಲ.

ತಯಾರಿ ಎಲ್ಲೂ ಇಲ್ಲ ಎನ್ನುವುದೂ ತಪ್ಪು. ಕನ್ನಡ ಎಂ.ಎ. ವಿದ್ಯಾರ್ಥಿಗಳು ಗ್ರಂಥಸಂಪಾದನೆ ಎಂಬ ಪತ್ರಿಕೆಯನ್ನು ಗೊಣಗಿಕೊಂಡು ಓದುತ್ತಾರೆ; ನಾನೂ ಡಿ.ಎಲ್. ನರಸಿಂಹಾಚಾರ್ಯರ ಪುಸ್ತಕವನ್ನು ಪರೀಕ್ಷೆಯ ಹಿಂದಿನ ರಾತ್ರಿ ಓದಿದವನೇ. ಪಾಠಾಂತರ, ಗ್ರಂಥಪಾತ, ಲಿಪಿಕಾರನ ಸ್ಖಾಲಿತ್ಯ ಎಂಬ ಪದಗಳೆಲ್ಲ ಓಲೆಗರಿಗೆ ಸೇರಿದವು ಎಂದುಕೊಂಡಿದ್ದೆ. ಈಗ ನೋಡಿದರೆ ನಾನೇ ಆ ಲಿಪಿಕಾರ. ಹಳೆಯ ಪ್ರತಿಗಳಲ್ಲಿ ಎಕಾರ ಏಕಾರಗಳಿಗೆ ಬೇರೆ ಗುರುತಿರುತ್ತಿರಲಿಲ್ಲ. ಸಂಪಾದಕರು ಛಂದಸ್ಸಿನ ಮಾತ್ರೆ ಎಣಿಸಿ ಇದು ಹ್ರಸ್ವ, ಇದು ದೀರ್ಘ ಎಂದು ತೀರ್ಮಾನಿಸುತ್ತಿದ್ದರು. ಸಾರ್ ಬರೆದದ್ದು ಗದ್ಯ. ಎಣಿಸಲು ಮಾತ್ರೆ ಇಲ್ಲ. ಇರುವುದು ಪಾತ್ರದ ಸ್ವಭಾವ ಒಂದೇ.

ಅದನ್ನೇ ಹಿಡಿದು ಪ್ರೋಗ್ರಾಂ ತಿದ್ದಿದ್ದನ್ನು ಬಿಟ್ಟು ಮತ್ತೆ ◆ ಇದ್ದ ಪ್ರತಿಗೆ ಹೋದೆ. ಇತರ ಸಾಕ್ಷಿಗಳನ್ನೂ ಹುಡುಕಿದೆ. ಇಂಟರ್ನೆಟ್ ಆರ್ಕೈವ್‌ನಲ್ಲಿ ಕೆಲವು ಪುಟಗಳು ಸಿಕ್ಕವು, 'ಅಳತೆ'ಯ ಮೊದಲ ಅರ್ಧ ಅವುಗಳಲ್ಲಿತ್ತು. ಮುಂದೆ ಓದಿ ಎಂಬಲ್ಲಿಗೆ ನಿಂತಿತ್ತು. ಆ ಅರ್ಧದಿಂದಲೇ ಮೇಲಿನ ಸಂಭಾಷಣೆಯನ್ನು ಖಚಿತವಾಗಿ ಬರೆಯಲು ಆದದ್ದು. ಉಳಿದರ್ಧದಲ್ಲಿ ಅಳತೆಗಾರನ ಮಾತುಗಳಿಗೆ ಧೈರ್ಯದಿಂದ ಹಲಂತ ಹಾಕಿದೆ, ಅಂಗಡಿಯವನ ಮಾತುಗಳಿಗೆ ಕೊಂಬು. ಕೊನೆಯ ಸಾಲಿಗೆ ಬಂದು ನಿಂತೆ.

ಕೊನೆಯ ಸಾಲಿನಲ್ಲಿ ಅಂಗಡಿ ಹೋಗಿದೆ. ಅವನು ಕೆ.ಆರ್. ಪುರದ ಕಡೆ ಹೊಸ ಮಳಿಗೆ ಹುಡುಕುತ್ತಿದ್ದಾನೆ. ಮಾಲೀಕನನ್ನು ಕೇಳುತ್ತಾನೆ: "ಎಷ◆ಟ◆ ಬಾಡಿಗೆ?"

ನಡುವಿನದು ಹಲಂತವೇ, ಅನುಮಾನವಿಲ್ಲ. ತುದಿಯದು? ಕೊಂಬಾದರೆ ಅವನು ಬದಲಾಗಿಲ್ಲ. ಎಲ್ಲ ಕಳೆದುಕೊಂಡರೂ ಶಾಲೆಯಲ್ಲಿ ಕಲಿತ ಭಾಷೆಯನ್ನು ಹಾಗೇ ಇಟ್ಟುಕೊಂಡಿದ್ದಾನೆ. ಹಲಂತವಾದರೆ ಅಳತೆಗಾರನ ನಾಲಿಗೆ ಅವನಿಗೂ ಬಂದಿದೆ. ಈ ಊರಿನಲ್ಲಿ ಬದುಕಲು ಪದದ ತುದಿ ಕಚ್ಚಬೇಕು ಎಂದು ಕಲಿತಿದ್ದಾನೆ. ಎರಡು ಬೇರೆ ಕತೆಗಳು. ಎರಡನೆಯದು ಹೆಚ್ಚು ಕಹಿ, ನನಗೆ ಅದೇ ಇಷ್ಟ. ಇಷ್ಟ ಎಂಬ ಕಾರಣಕ್ಕೇ ಅದನ್ನು ಹಾಕಲು ಹೆದರುತ್ತೇನೆ.

ಪರೋಕ್ಷ ಸಾಕ್ಷಿ ಒಂದಿದೆ. ಕತೆಯ ಕೆಳಗೆ ಓದುಗರೊಬ್ಬರು ಕೊನೆಯ ಸಾಲನ್ನು ಎತ್ತಿ ಬರೆದು ಮೆಚ್ಚಿಕೊಂಡಿದ್ದಾರೆ, ಇಂಗ್ಲಿಷ್ ಲಿಪಿಯಲ್ಲಿ. ಆಗ ಕನ್ನಡ ಟೈಪಿಸಲು ಬಾರದವರೆಲ್ಲ ಹಾಗೇ ಬರೆಯುತ್ತಿದ್ದರು, ನಾವು ಅವರನ್ನು ನೋಡಿ ನಗುತ್ತಿದ್ದೆವು. ಆ ಟಿಪ್ಪಣಿಗಳಲ್ಲಿ ಒಂದಕ್ಷರವೂ ಕೆಟ್ಟಿಲ್ಲ. ಇಂಗ್ಲಿಷ್ ಅಕ್ಷರಗಳಿಗೆ ಯಾವ ಪಟ್ಟಿಯಲ್ಲೂ ಖಾಲಿ ಮನೆ ಇಲ್ಲ! ಅವರು ಬರೆದದ್ದು 'ಎಷ್ಟು', ತುದಿಯಲ್ಲಿ 'ಯು' ಇದೆ. ಆದರೆ ಕಂಡದ್ದನ್ನು ಬರೆದರೋ, ತಮ್ಮ ಅಭ್ಯಾಸದಂತೆ ಬರೆದರೋ? ಅವರ ಉಳಿದ ಟಿಪ್ಪಣಿಗಳನ್ನು ಓದಿದೆ. ಎಲ್ಲ ಕಡೆಯೂ ಪೂರ್ತಿ ಪದಗಳೇ. ಹಾಗಾಗಿ ಈ ಸಾಕ್ಷಿ ನಿಲ್ಲುವುದಿಲ್ಲ.

ಇನ್ನುಳಿದದ್ದು ಬರೆದವರನ್ನೇ ಕೇಳುವುದು. ಕೆರೆಯ ಕಡೆ ನಡೆಯುತ್ತಾ ಕೇಳಿದೆ. ಸಾರ್ ಸ್ವಲ್ಪ ಹೊತ್ತು ಯೋಚಿಸಿದರು. "ಅಯ್ಯೋ, ಹದಿನೈದು ವರ್ಷದ ಮೇಲಾಯ್ತಲ್ರೀ. ಯಾವುದಾದ್ರೂ ಒಂದು ಹಾಕಿಬಿಡಿ." ಹಾಗೆ ಆಗುವುದಿಲ್ಲ ಸಾರ್, ಒಂದು ಹಾಕಿದರೆ ಅವನು ಸೋತಿದ್ದಾನೆ, ಇನ್ನೊಂದು ಹಾಕಿದರೆ ಸೋತಿಲ್ಲ ಎಂದೆ. ಅವರು ನಿಂತು ನನ್ನನ್ನು ನೋಡಿದರು. "ನಾನು ಅಷ್ಟೆಲ್ಲ ಯೋಚನೆ ಮಾಡಿ ಬರೆದಿದ್ನಾ?" ಎಂದರು. ಆಮೇಲೆ ಗುರುದ್ವಾರದ ತನಕ ಮಾತಾಡಲಿಲ್ಲ. ಅಲ್ಲಿಗೆ ಬಂದ ಮೇಲೆ, "ಅವನ ಮಾತು ಕಿವೀಲಿ ಇತ್ತು, ಬರೆದೆ. ಈಗ ಕಿವೀಲಿಲ್ಲ," ಎಂದರು.

1905ರಲ್ಲಿ ಬಿ.ಎಲ್. ರೈಸ್ ಬೆಂಗಳೂರು ಜಿಲ್ಲೆಯ ಶಾಸನಗಳ ಸಂಪುಟ ಹೊರತಂದರು. ಶಾಸನ ಸಂಪಾದಕರು ಕಲ್ಲು ಸವೆದ ಕಡೆ ಅಕ್ಷರ ಊಹಿಸಿ ತುಂಬುವ ಬದಲು ಚುಕ್ಕೆಗಳನ್ನು ಬಿಡುವ ಪದ್ಧತಿ ಇದೆ. ನಾನೂ ಹಾಗೇ ಮಾಡಿದ್ದೇನೆ. 'ಅಳತೆ'ಯ ಕೊನೆಯ ಸಾಲು ಈಗ ಬ್ಲಾಗಿನಲ್ಲಿ "ಎಷ್ಟ◆ ಬಾಡಿಗೆ?" ಎಂದಿದೆ, ಕೆಳಗೆ ಎರಡು ಸಾಲಿನ ವಿವರಣೆಯೊಂದಿಗೆ. ಕಳೆದ ವಾರ ಹೊಸ ಓದುಗರೊಬ್ಬರು ಅದರ ಕೆಳಗೆ ಬರೆದಿದ್ದಾರೆ: ಕತೆ ಚೆನ್ನಾಗಿದೆ, ಕೊನೆಯಲ್ಲಿ ಫಾಂಟ್ ತೊಂದರೆ ಇದೆ, ದಯವಿಟ್ಟು ಅಪ್‌ಡೇಟ್ ಮಾಡಿ.