ಹಾಲು ಬತ್ತಿದ ಹಸು

ಹಸು ಇದ್ದಕ್ಕಿದ್ದಂತೆ ಹಾಲು ಕೊಡುವುದನ್ನು ನಿಲ್ಲಿಸಿದರೆ ನಮ್ಮ ಸೀಮೆಯ ಎಷ್ಟೋ ಮನೆಗಳಲ್ಲಿ ಇಂದಿಗೂ ಮೊದಲು ನೆನಪಾಗುವವರು ಪಶುವೈದ್ಯರಲ್ಲ. ಯಾರದೋ ಕಣ್ಣು ಬಿತ್ತು ಎನ್ನುತ್ತಾರೆ. ಉಪ್ಪು ಮೆಣಸಿನಕಾಯಿ ನಿವಾಳಿಸಿ ಒಲೆಗೆ ಹಾಕುತ್ತಾರೆ. ಅದಕ್ಕೂ ಬಗ್ಗದಿದ್ದರೆ ಕೊರಳಿಗೆ ಮಂತ್ರಿಸಿದ ದಾರ. ಈಚೆಗೆ ಗುಂಡ್ಲುಪೇಟೆಯ ಸ್ನೇಹಿತರೊಬ್ಬರ ಮನೆಯಲ್ಲಿ ನಾನು ನೋಡಿದ ಒಂದು ಚೆಕ್ ಚಿತ್ರದ ಕಥೆಯೂ ಇಂಥದೇ ಒಂದು ಹಸುವಿನಿಂದ ಹೊರಡುತ್ತದೆ.

ಚಿತ್ರದ ಹೆಸರನ್ನು ಕನ್ನಡಿಸಿದರೆ 'ಮಾಟಗಾತಿಯರಿಗೆ ಸುತ್ತಿಗೆ' ಎಂದಾಗುತ್ತದೆ. 1970ರಲ್ಲಿ ತೆರೆಗೆ ಬಂದ ಈ ಕಪ್ಪುಬಿಳುಪು ಚಿತ್ರದ ನಿರ್ದೇಶಕ ಓಟಕರ್ ವಾವ್ರಾ. ಚಿತ್ರಕಥೆಯಲ್ಲಿ ಅವನ ಜೊತೆಗಾತಿ ಎಸ್ತೆರ್ ಕ್ರುಂಬಾಖೋವಾ. ವಾತ್ಸ್ಲಾವ್ ಕಪ್ಲಿತ್ಸ್ಕಿ 1963ರಲ್ಲಿ ಪ್ರಕಟಿಸಿದ ಕಾದಂಬರಿ ಇದಕ್ಕೆ ಆಧಾರ. ಮೊರೇವಿಯ ಪ್ರಾಂತದಲ್ಲಿ 1678ರಲ್ಲಿ ಮೊದಲಾದ ಮಾಟಗಾತಿಯರ ವಿಚಾರಣೆ ಅದರ ವಸ್ತು. ನಮ್ಮವರಲ್ಲಿ ಈ ಚಿತ್ರದ ಹೆಸರು ಕೇಳಿದವರೇ ವಿರಳ.

ಭಿಕ್ಷೆ ಬೇಡುವ ಮುದುಕಿಯೊಬ್ಬಳು ಚರ್ಚಿನಲ್ಲಿ ಕೊಟ್ಟ ಪ್ರಸಾದದ ರೊಟ್ಟಿಯನ್ನು ನುಂಗದೆ ಬಟ್ಟೆಯಲ್ಲಿ ಅಡಗಿಸಿಕೊಳ್ಳುತ್ತಾಳೆ. ಹಾಲು ಬತ್ತಿದ ಹಸುವಿಗೆ ಅದನ್ನು ತಿನ್ನಿಸಿದರೆ ಮತ್ತೆ ಹಾಲು ಬಂದೀತೆಂಬ ಆಸೆ. ಸಿಕ್ಕಿಬೀಳುತ್ತಾಳೆ. ಅಲ್ಲಿಗೆ ಮುಗಿಯಬಹುದಾಗಿದ್ದ ವಿಷಯ ಮುಗಿಯುವುದಿಲ್ಲ. ಬೊಬ್ಲಿಗ್ ಎಂಬ ವಿಚಾರಣಾಧಿಕಾರಿಯನ್ನು ಕರೆಸುತ್ತಾರೆ. ಬೆರಳು ನುರಿಸುವ ತಿರುಪು ಬರುತ್ತದೆ. ನೋವು ತಾಳಲಾರದವಳು ಇನ್ನೊಬ್ಬಳ ಹೆಸರು ಹೇಳುತ್ತಾಳೆ, ಅವಳು ಮತ್ತೊಬ್ಬಳದು. ಮುದುಕಿಯರಾದ ಮೇಲೆ ಸಿರಿವಂತ ಬಣ್ಣಗಾರನ ಮನೆ. ಕಡೆಗೆ, ಇದೆಲ್ಲ ಅನ್ಯಾಯವೆಂದ ಲಾಟ್ನರ್ ಎಂಬ ವಿದ್ಯಾವಂತ ಪಾದ್ರಿ. ಅವನನ್ನು 1685ರಲ್ಲಿ ಸುಟ್ಟದ್ದು ಇತಿಹಾಸ.

ಚಿತ್ರದ ಹೆಚ್ಚುಗಾರಿಕೆ ಇರುವುದು ಚಿತ್ರಹಿಂಸೆಯ ದೃಶ್ಯಗಳಲ್ಲಲ್ಲ. ನನ್ನನ್ನು ಬೆಚ್ಚಿಸಿದ್ದು ಬೇರೊಂದು ದೃಶ್ಯ. ನ್ಯಾಯಾಸನದ ಮುಂದೆ ಮುದುಕಿಯರು ತಪ್ಪೊಪ್ಪಿಗೆಯನ್ನು ಶಾಲೆಯ ಮಕ್ಕಳು ಮಗ್ಗಿ ಒಪ್ಪಿಸುವಂತೆ ಒಪ್ಪಿಸುತ್ತಾರೆ. ಮೊದಲೇ ಬಾಯಿಪಾಠ ಮಾಡಿಸಿದ್ದಾರೆ. ಸೈತಾನನಲ್ಲಿ ಬೊಬ್ಲಿಗನಿಗೆ ನಂಬಿಕೆ ಇದೆಯೋ ಇಲ್ಲವೋ, ತನ್ನ ಊಟ ಮತ್ತು ಸಂಬಳಗಳಲ್ಲಿ ನಂಬಿಕೆ ಇದೆ. ಸತ್ತವರ ಆಸ್ತಿಯ ಮೇಲೂ ಕಣ್ಣಿದೆ. ಮುದುಕಿಯ ಮೂಢನಂಬಿಕೆಯಿಂದ ಯಾರಿಗೂ ಕೆಡುಕಾಗಲಿಲ್ಲ. ಮೊಹರು ಹಿಡಿದವರು ಅದನ್ನು ಕಾಗದಕ್ಕೆ ಇಳಿಸಿದಾಗ ಊರು ಉರಿಯಿತು.

1950ರ ದಶಕದಲ್ಲಿ ಪ್ರಾಗ್ ನಗರದಲ್ಲೂ ಬಾಯಿಪಾಠದ ತಪ್ಪೊಪ್ಪಿಗೆಗಳು ನಡೆದಿದ್ದವು; 1952ರ ಸ್ಲಾನ್ಸ್ಕಿ ಮೊಕದ್ದಮೆ ಪ್ರಸಿದ್ಧವಾದದ್ದು. 1968ರಲ್ಲಿ ಸೋವಿಯತ್ ಸೈನ್ಯ ದೇಶದೊಳಕ್ಕೆ ಬಂತು. ಅದಾದ ಮೇಲೆ ಬಂದ ಈ ಚಿತ್ರವನ್ನು ಅಲ್ಲಿನ ಪ್ರೇಕ್ಷಕರು ಹಳೆಯ ಕಥೆಯೆಂದು ನೋಡಿರಲಾರರು. ಸರ್ಕಾರವೂ ಅದನ್ನು ಬೇಗ ಮೂಲೆಗೆ ಸರಿಸಿತು. ಒಂದು ವಿಚಿತ್ರ: ವಾವ್ರಾ ಬಂದ ಪ್ರಭುತ್ವಗಳೆಲ್ಲದರೊಡನೆ ಹೊಂದಿಕೊಂಡು ಚಿತ್ರ ತೆಗೆದವನು. ಅಧಿಕಾರದ ಮುಂದೆ ಮನುಷ್ಯ ಹೇಗೆ ಬಗ್ಗುತ್ತಾನೆ ಎಂಬುದನ್ನು ಹತ್ತಿರದಿಂದ ಬಲ್ಲವನಾದ್ದರಿಂದಲೇ ಇದನ್ನು ಇಷ್ಟು ಚೆನ್ನಾಗಿ ತೆಗೆದನೋ ಏನೋ.

ದೋಷಗಳಿಲ್ಲವೆಂದಲ್ಲ. ನಡುನಡುವೆ ಕಾಣಿಸಿಕೊಂಡು ಹೆಣ್ಣಿನ ಪಾಪವನ್ನು ಪಿಸುಗುಡುವ ಸನ್ಯಾಸಿಯ ಮುಖ ಎರಡು ಸಲ ಸಾಕಿತ್ತು. ಬೊಬ್ಲಿಗನಲ್ಲಿ ಒಂದು ಗಳಿಗೆಯ ಅಳುಕನ್ನಾದರೂ ತೋರಿಸಿದ್ದರೆ ನಮ್ಮ ಭಯ ಇನ್ನೂ ಹೆಚ್ಚುತ್ತಿತ್ತು.

ಚಿತ್ರ ಮುಗಿದ ಮೇಲೆ ನನ್ನ ಮನಸ್ಸು ಮೊರೇವಿಯದಿಂದ ಹಂಗಳಕ್ಕೆ ಹಾರಿತು. ಗುಂಡ್ಲುಪೇಟೆಗೆ ಸಮೀಪದ ಹಂಗಳದಲ್ಲಿ, ಪಟ್ಟಕ್ಕೆ ಬರುವ ಮುಂಚೆ ಚಿಕ್ಕದೇವರಾಜ ಒಡೆಯರು ಕಾವಲಿನಲ್ಲಿದ್ದರು. ಗುಂಡ್ಲುಪೇಟೆಯ ಪರವಾಸುದೇವ ದೇವಾಲಯವನ್ನು ತಂದೆಯ ನೆನಪಿಗೆ ಕಟ್ಟಿಸಿದವರೂ ಅವರೇ. ಅವರ ಆಳ್ವಿಕೆ 1673ರಿಂದ 1704ರವರೆಗೆ. ಅಂದರೆ ಅಲ್ಲಿ ಸೌದೆ ಪೇರಿಸುತ್ತಿದ್ದ ವರ್ಷಗಳೇ. ಕಂದಾಯದ ಭಾರಕ್ಕೆ ರೈತರು ತಿರುಗಿಬಿದ್ದಾಗ, ಅವರನ್ನು ಎತ್ತಿಕಟ್ಟಿದವರು ಜಂಗಮರೆಂದು ಬಗೆದು, ಅವರನ್ನು ನಂಜನಗೂಡಿಗೆ ಕರೆಸಿ 400ಕ್ಕೂ ಹೆಚ್ಚು ಜನರ ತಲೆ ಕಡಿಸಿ ಹೊಂಡಕ್ಕೆ ತಳ್ಳಿದರೆಂದೂ, 700ಕ್ಕೂ ಹೆಚ್ಚು ಮಠಗಳನ್ನು ಕೆಡವಿದರೆಂದೂ ವಿಲ್ಕ್ಸ್ 1810ರಲ್ಲಿ ಬರೆದ. ಹಯವದನರಾಯರು ಈ ಕಥೆಯನ್ನು ಪ್ರಶ್ನಿಸಿದರು. ಯಳಂದೂರಿನ ಜೈನನಾದ ಮಂತ್ರಿ ವಿಶಾಲಾಕ್ಷ ಪಂಡಿತ 1686ರ ಹೊತ್ತಿಗೆ ಕೊಲೆಯಾದ. ಜಂಗಮರ ಹತ್ಯೆಗೆ ಸಲಹೆ ಕೊಟ್ಟವನು ಅವನೇ ಎಂಬ ಸಂಶಯ ಅದಕ್ಕೆ ಕಾರಣವೆನ್ನುತ್ತಾರೆ. ಚಾಮರಾಜನಗರದ ಬಳಿಯ ಕನಕಗಿರಿಯ ದೇವಚಂದ್ರ, ಅವನೂ ಜೈನ, ತನ್ನ 'ರಾಜಾವಳೀಕಥೆ'ಯಲ್ಲಿ ಆ ಕಾಲವನ್ನು ತನ್ನ ರೀತಿಯಲ್ಲಿ ಹೇಳಿದ. ಮೂಲದಲ್ಲಿ ಅದು ಕಂದಾಯದ ಜಗಳ. ಸತ್ತವರು ಮಾತ್ರ ಒಂದು ಮತದ ಗುರುಗಳು.

ಚೆಕ್ಕರಿಗೆ ವಿಚಾರಣೆಯ ಕಡತಗಳು ಉಳಿದಿದ್ದವು. ನಮಗೆ ಉಳಿದಿರುವುದು ಒಂದಕ್ಕೊಂದು ಹೊಂದದ ಹೇಳಿಕೆಗಳು. ಕಲೆಗೆ ಅದು ಅಡ್ಡಿಯೆ? ಆಗಬೇಕಾಗಿಲ್ಲ, ಯಾರು ಏನು ಹೇಳಿದರು, ಏಕೆ ಹೇಳಿದರು ಎಂಬುದೇ ಒಂದು ಚಿತ್ರವಾಗಬಲ್ಲುದು. ನಮ್ಮ ಸೀಮೆಯವರೇ ಆದ ರಾಜ್‌ಕುಮಾರ್ 1960ರಲ್ಲಿ 'ರಣಧೀರ ಕಂಠೀರವ'ನಾದರು. ನಾವೆಲ್ಲ ಮೆಚ್ಚಿದೆವು, ಈಗಲೂ ಮೆಚ್ಚುತ್ತೇವೆ. 1970ರಲ್ಲಿ ನಮ್ಮಲ್ಲಿ 'ಶ್ರೀಕೃಷ್ಣದೇವರಾಯ' ಬಂತು, 'ಸಂಸ್ಕಾರ'ವೂ ಬಂತು. ಒಂದರಲ್ಲಿ ಇತಿಹಾಸದ ವೈಭವ, ಇನ್ನೊಂದರಲ್ಲಿ ನಂಬಿಕೆಯ ಕಠೋರ ಪರೀಕ್ಷೆ. ಎರಡನ್ನೂ ಒಂದುಗೂಡಿಸಿ, ಕಿರೀಟಕ್ಕೆ ಬದಲು ಹೊಂಡವನ್ನು ತೋರಿಸುವ ಐತಿಹಾಸಿಕ ಚಿತ್ರವನ್ನು ನಾನು ಕನ್ನಡದಲ್ಲಿ ಕಂಡಿಲ್ಲ.

ಮೂಢನಂಬಿಕೆ ಹಳ್ಳಿಯ ಮುದುಕಿಯರ ಆಸ್ತಿ ಎಂದು ನಕ್ಕುಬಿಡುವವರಿಗೆ ಚಾಮರಾಜನಗರದ ವಿಷಯ ನೆನಪಿರಬೇಕು. ಈ ಊರಿಗೆ ಕಾಲಿಟ್ಟ ಮುಖ್ಯಮಂತ್ರಿ ಕುರ್ಚಿ ಕಳೆದುಕೊಳ್ಳುತ್ತಾನೆಂಬ ಮಾತಿಗೆ ಹೆದರಿ ಎಷ್ಟೋ ವರ್ಷ ದೊಡ್ಡವರು ಇತ್ತ ತಲೆಹಾಕಲಿಲ್ಲ. 1997ರಲ್ಲಿ ಜಿಲ್ಲೆಯನ್ನು ಉದ್ಘಾಟಿಸಿದ್ದೂ ಮಲೆ ಮಹದೇಶ್ವರ ಬೆಟ್ಟದಲ್ಲಿ. 2013ರಲ್ಲಿ ಅಧಿಕಾರಕ್ಕೆ ಬಂದ ಸಿದ್ದರಾಮಯ್ಯನವರು ಹಲವು ಸಲ ಬಂದುಹೋಗಿ ಐದು ವರ್ಷ ಪೂರೈಸಿದರು. ಮುದುಕಿ ಹೆದರಿದ್ದು ಹಸುವಿನ ಹಾಲಿಗಾಗಿ, ಇವರು ಹೆದರಿದ್ದು ಕುರ್ಚಿಗಾಗಿ. ಅವಳಿಗೆ ಸಿಕ್ಕಿದ್ದು ಬೆಂಕಿ.

ಅವಳ ಮುಖ ನನಗೆ ಅಪರಿಚಿತವೆನಿಸಲಿಲ್ಲ. ಓದುಗರಿಗೆ ಈ ಚಿತ್ರ ಎಲ್ಲಾದರೂ ದೊರೆತರೆ ಬಿಡದೆ ನೋಡಬೇಕು.