ನಡುವಿನ ಕಾಲಂನ ಅಂಕಿ

ಯಾವ ಕೆಲಸ ಎಲ್ಲಿಗೆ ಬಂತು ಎಂದು ಮೇಜಿನಿಂದ ಮೇಜಿಗೆ ಕೇಳುತ್ತಾ ತಿರುಗುವ ತಂಡಗಳಿಗೆ ಕಾನ್‌ಬಾನ್ ಬೋರ್ಡಿನಂಥ ಉಪಕಾರಿ ಇನ್ನೊಂದಿಲ್ಲ. ಜಪಾನಿನ ಟೊಯೋಟಾ ಕಾರ್ಖಾನೆಯಲ್ಲಿ ತೈಇಚಿ ಓನೊ ಬಳಕೆಗೆ ತಂದ ಕಾರ್ಡುಗಳೇ ಇದರ ಮೂಲ. ಮುಂದಿನ ಹಂತದವರು ಬಿಡಿಭಾಗ ಬಳಸಿದ ಮೇಲಷ್ಟೇ ಹಿಂದಿನವರು ಹೊಸದನ್ನು ತಯಾರಿಸಬೇಕು ಎಂಬುದು ಆ ಕಾರ್ಡುಗಳ ನಿಯಮ. ಸಾಫ್ಟ್‌ವೇರ್‌ನವರು ಆ ಪದ್ಧತಿಯನ್ನು ಬೋರ್ಡಾಗಿ ಗೋಡೆಗೆ ತಂದರು. 2011ರಲ್ಲಿ ಬಂದ ಟ್ರೆಲ್ಲೊದಂಥ ಆ್ಯಪ್‌ಗಳು ಬೋರ್ಡನ್ನು ಪರದೆಗೇರಿಸಿದವು.

‘ಮಾಡಬೇಕು’, ‘ನಡೆಯುತ್ತಿದೆ’, ‘ಮುಗಿಯಿತು’ ಎಂಬ ಕಾಲಂಗಳು, ಕೆಲಸಕ್ಕೊಂದರಂತೆ ಒಂದಷ್ಟು ಹಳದಿ ಚೀಟಿ, ಬೋರ್ಡೆಂದರೆ ಅಷ್ಟೇ. ನನಗೆ ಹೆಚ್ಚು ಹಿಡಿಸಿದ್ದು ನಡುವಿನ ಕಾಲಂನ ತಲೆಯ ಮೇಲೆ ಬರೆಯುವ ಪುಟ್ಟ ಅಂಕಿ. ‘3’ ಎಂದಿದ್ದರೆ ಅಲ್ಲಿ ಮೂರೇ ಚೀಟಿ. ಒಂದು ಮುಗಿಯುವವರೆಗೆ ನಾಲ್ಕನೆಯದು ಕಾಯಬೇಕು. ಕಾಲಂ ತುಂಬಿ ನಿಂತರೆ ತೊಡಕು ಎಲ್ಲಿದೆಯೆಂದು ಮೀಟಿಂಗ್ ಕರೆಯದೆಯೇ ಕಾಣುತ್ತದೆ, ಕೈ ಖಾಲಿ ಇದ್ದವರು ಹೊಸದನ್ನು ಹಿಡಿಯದೆ ಅಲ್ಲಿಗೆ ಕೈಜೋಡಿಸುತ್ತಾರೆ. ಆ ಅಂಕಿಯಿಲ್ಲದ ಬೋರ್ಡು ಬರೀ ಗೋಡೆಯ ಅಲಂಕಾರ.