ಹೆಣದ ಮುಂದೆ ಹೊರಬಿದ್ದ ಸತ್ಯ

ಹತ್ತನೆಯ ಶತಮಾನದ ಜೈನ ಮಹಾಕವಿ ರನ್ನನ 'ಗದಾಯುದ್ಧ'ಕ್ಕೆ 'ಸಾಹಸಭೀಮವಿಜಯ' ಎಂಬ ಹೆಸರೂ ಉಂಟು. ಹೆಸರು ಭೀಮನದು, ಸಹೃದಯನ ಮನಸ್ಸು ಹರಿಯುವುದು ದುರ್ಯೋಧನನ ಕಡೆಗೆ. ಈ ಚಂಪೂಕಾವ್ಯದೊಳಗೆ ಅಡಗಿದ್ದ ರುದ್ರನಾಟಕವನ್ನು ಗುರುತಿಸಿ ಬಿ.ಎಂ. ಶ್ರೀಕಂಠಯ್ಯನವರು 1926ರಲ್ಲಿ 'ಗದಾಯುದ್ಧ ನಾಟಕಂ' ರಚಿಸಿದರು. ತೋರಿಕೆಗೂ ನಿಜಕ್ಕೂ ಇರುವ ಅಂತರವನ್ನು ಭಾಷೆಯು ಹೇಗೆ ಹಿಡಿದಿಡಬಲ್ಲದೆಂಬುದಕ್ಕೆ ರನ್ನನ ಕರ್ಣವಿಲಾಪವು ಉತ್ತಮ ನಿದರ್ಶನ.

ಹೆಣಗಳ ನಡುವೆ ನಡೆದುಬಂದ ದುರ್ಯೋಧನನು ಕರ್ಣನ ಕಳೇಬರದ ಮುಂದೆ ನಿಲ್ಲುತ್ತಾನೆ. ಸಂಜಯನು ಜೊತೆಯಲ್ಲಿದ್ದರೂ ಮಾತು ಅವನಿಗಲ್ಲ, ಕೇಳಲಾರದವನಿಗೆ ಆಡಿದ್ದು. ಆದ್ದರಿಂದ ಅದು ಸ್ವಗತವೇ ಸರಿ.

ಅಲ್ಲಿ ಬರುವ ಒಂದು ಕಂದಪದ್ಯದಲ್ಲಿ ಕರ್ಣನ ಜನ್ಮರಹಸ್ಯವನ್ನು ಬಲ್ಲವರ ಎಣಿಕೆಯಿದೆ: ಮೊದಲು ತಾನು, ಬಳಿಕ ಕುಂತಿ, ಕೃಷ್ಣ, ಸೂರ್ಯ, ಸಹದೇವ. 'ಅರಿ' ಎಂಬ ಒಂದೇ ಕ್ರಿಯಾಪದವು ಐದು ಸಲ ಬಂದು, ಕಡೆಗೆ ಬೇರಾರೂ ಅರಿಯರೆಂಬ ನಿಷೇಧದಲ್ಲಿ ನಿಲ್ಲುತ್ತದೆ. ಅಲಂಕಾರವಿಲ್ಲ, ಉಪಮೆಯಿಲ್ಲ. ಸೂತಪುತ್ರನೆಂಬ ತೋರಿಕೆಯು ಈ ಸರಳ ಪದದ ಆವೃತ್ತಿಯಿಂದಲೇ ಕಳಚಿ ಬೀಳುತ್ತದೆ.

ಇದನ್ನು ಔದಾರ್ಯವೆಂದು ಓದಬಹುದು: ನಿಜವನ್ನು ಬಲ್ಲವನಾಗಿಯೂ ಅವನು ಕುಲವನ್ನು ಎಣಿಸದೆ ಸ್ನೇಹವನ್ನು ನಡೆಸಿದನು. ಸ್ವಾರ್ಥವೆಂದೂ ಓದಬಹುದು: ನಿಜವು ಪ್ರಕಟವಾಗಿದ್ದರೆ ಪಾಂಡವರು ಅಣ್ಣನ ಮೇಲೆ ಬಾಣವೆತ್ತುತ್ತಿರಲಿಲ್ಲ, ಕೌರವನಿಗೆ ಅಂತಹ ವೀರನೂ ಉಳಿಯುತ್ತಿರಲಿಲ್ಲ. ಕವಿಯು ತೀರ್ಪು ಕೊಡುವುದಿಲ್ಲ. ಆದರೆ ಪದ್ಯದ ಸಂಬೋಧನೆಯನ್ನು ಗಮನಿಸಬೇಕು. ರಹಸ್ಯವನ್ನು ಬಿಚ್ಚಿದ ಉಸಿರಿನಲ್ಲಿಯೇ ದುರ್ಯೋಧನನು ಗೆಳೆಯನನ್ನು ಕುಂತೀಪುತ್ರನೆನ್ನದೆ ಅಂಗಾಧಿಪತಿಯೆಂದು ಕರೆಯುತ್ತಾನೆ. ಹುಟ್ಟನ್ನು ಹಳಿದ ಸಭೆಯ ಬಾಯಿ ಮುಚ್ಚಿಸಲು ತಾನೇ ಕೊಟ್ಟ ಪದವಿಯದು. ಒಲವಿನ ಕಾಣಿಕೆಯೇ ನಿಜದ ಮೇಲಿನ ಮುಸುಕೂ ಆಗಿದ್ದಿತು. ಸತ್ಯವನ್ನು ನುಡಿಯುವಾಗಲೂ ಆ ಮುಸುಕನ್ನು ತೆಗೆಯಲು ಅವನಿಗೆ ಮನಸ್ಸಿಲ್ಲ.

ಈ ಐವರಲ್ಲಿ ಯಾರೂ ಕರ್ಣನನ್ನು ಸೂತಪುತ್ರನೆಂದು ಸಾಧಿಸಲು ಹೊರಟವರಲ್ಲ, ಸುಮ್ಮನಿದ್ದರು, ಅಷ್ಟೆ. ಲೋಕವು ತಾನು ಕಂಡದ್ದನ್ನೇ ನಿಜವೆಂದು ನಂಬಿತು. ಸತ್ಯಾಣುವ್ರತವನ್ನು ಅಸತ್ಯ ನುಡಿಯದಿರುವುದಕ್ಕಷ್ಟೇ ಸೀಮಿತಗೊಳಿಸಿ, ಬಾಯಿ ಮುಚ್ಚಿದ್ದರೆ ದೋಷವಿಲ್ಲವೆಂದು ಸಮಾಧಾನಪಡುವ ಗೃಹಸ್ಥರು ಈ ಕಂದವನ್ನು ಮತ್ತೊಮ್ಮೆ ಓದಬೇಕು. ಮನೆಯ ಪಾಲುಪಟ್ಟಿಯಲ್ಲಾಗಲಿ, ಬಸದಿಯ ಲೆಕ್ಕಪತ್ರದಲ್ಲಾಗಲಿ, ಬಲ್ಲವರು ಮಾತನಾಡಬೇಕಾದ ಹೊತ್ತು ಒಂದಿರುತ್ತದೆ. ದುರ್ಯೋಧನನು ಮಾತನಾಡಿದ್ದು ನಿಜವನ್ನೇ. ಆದರೆ ಅದನ್ನು ಕೇಳಿಸಿಕೊಳ್ಳಬೇಕಾದವನು ಮಡಿದಿದ್ದನು.